ಬುಧವಾರದ ಹುಲ್ಲು

ಹೊಸದಾಗಿ ಕೆಲಸಕ್ಕೆ ಸೇರುವ ಶಿಕ್ಷಕಿಯರು ಪಾಠದ ಟಿಪ್ಪಣಿ ಹೇಗೆ ಬರೆಯಬೇಕು, ತಪಾಸಣೆಗೆ ಬಂದವರಿಗೆ ಏನು ತೋರಿಸಬೇಕು ಎಂದು ನನ್ನನ್ನು ಕೇಳುತ್ತಾರೆ. ಅದನ್ನು ಕಲಿಸುವವರು ಬೇಕಾದಷ್ಟು ಮಂದಿ ಇದ್ದಾರೆ. ನಾನು ಬರೆಯಹೊರಟಿರುವುದು ಎರಡು ಶಬ್ದಗಳ ಬಗ್ಗೆ. ಆ ಎರಡು ಶಬ್ದ ನಿಮ್ಮ ಶಾಲೆಯಲ್ಲೂ ಇರುತ್ತವೆ, ಹುಡುಕಿದರೆ ಸಿಗುತ್ತವೆ.

ಎಂಬತ್ತರ ದಶಕದ ಕೊನೆಯ ವರ್ಷಗಳು. ಧಾರವಾಡದಲ್ಲಿ ಸಸ್ಯಶಾಸ್ತ್ರ ಓದಿ, ಬಿ.ಎಡ್. ಮುಗಿಸಿ, ನಿಪ್ಪಾಣಿಯ ಒಂದು ಹೆಣ್ಣುಮಕ್ಕಳ ಪ್ರೌಢಶಾಲೆಗೆ ವಿಜ್ಞಾನ ಶಿಕ್ಷಕಿಯಾಗಿ ಬಂದಿದ್ದೆ. ವಯಸ್ಸು ಇಪ್ಪತ್ನಾಲ್ಕು. ಮಾತು ಕಡಿಮೆ. ಶಾಲೆಯಲ್ಲಿ ಪ್ರತಿವರ್ಷ ಒಂಬತ್ತನೆಯ ತರಗತಿಯವರನ್ನು ತವಂದಿ ಘಾಟಿನ ಗುಡ್ಡಕ್ಕೆ ಪ್ರಕೃತಿ ಅಧ್ಯಯನಕ್ಕೆಂದು ನಡೆಸಿಕೊಂಡು ಹೋಗುವ ರೂಢಿ ಇತ್ತು. ಆ ವರ್ಷ ಅದು ನನ್ನ ಪಾಲಿಗೆ ಬಂತು. ಹಿಂದಿನ ವರ್ಷಗಳ ಪಟ್ಟಿಗಳನ್ನು ತೆಗೆದು ನೋಡಿದೆ. ಕೆಲವು ಹೆಸರುಗಳ ಮುಂದೆ ಕೆಂಪು ಶಾಯಿಯಲ್ಲಿ 'ಇಚ್ಛೆ ಇಲ್ಲ' ಎಂಬ ಎರಡೇ ಶಬ್ದ ಬರೆದಿತ್ತು. ಫಾತಿಮಾ, ಇಚ್ಛೆ ಇಲ್ಲ. ಶಮೀಮ್, ಇಚ್ಛೆ ಇಲ್ಲ. ಯಾವ ವರ್ಷದ ಪಟ್ಟಿ ತೆಗೆದರೂ ಹಾಗೆಯೇ. ಆ ವರ್ಷದ ಪಟ್ಟಿ ಇನ್ನೂ ತರಗತಿಗೆ ಹೋಗಿರಲಿಲ್ಲ, ಯಾರನ್ನೂ ಕೇಳಿರಲಿಲ್ಲ. ಆಗಲೇ ಹನ್ನೊಂದು ಹೆಸರುಗಳ ಮುಂದೆ ಶಾಯಿ ಒಣಗಿತ್ತು.

ಪಟ್ಟಿ ಹಿಡಿದು ಮುಖ್ಯಾಧ್ಯಾಪಕರಾದ ಚೌಗುಲೆ ಸರ್ ಹತ್ತಿರ ಹೋದೆ. ಅವರು ಶಿರಗುಪ್ಪಿ ಕಡೆಯ ಜೈನ ಒಕ್ಕಲುಮನೆತನದವರು. ಯಾರಿಗೂ ಕೆಟ್ಟದ್ದು ಬಯಸುವವರಲ್ಲ.

"ನೋಡ್ರಿ ಬಾಯಾರ, ನೀವು ಹೊಸಬ್ರು," ಎಂದರು. "ಅವ್ರ ಮನ್ಯಾಗ ಬಿಡೂದಿಲ್ಲ. ಕೇಳಿ ಇಲ್ಲ ಅನಿಸ್ಕೊಳ್ಳೂದಕ್ಕಿಂತ ಕೇಳದ ಇರೂದು ಛಲೋ. ಆ ಹುಡಿಗ್ಯಾರಿಗೂ ಮನ್ಯಾಗ ತ್ರಾಸ ಆಗೂದಿಲ್ಲ."

"ನಾನೂ ಅವ್ರ ಪೈಕೀನ ಅದೀನ್ರಿ ಸರ್."

"ನೀವು ಬ್ಯಾರೆ ಬಿಡ್ರಿ. ನೀವು ಓದಿದವ್ರು."

'ನೀವು ಬೇರೆ ಬಿಡ್ರಿ' ಎಂಬ ಮಾತನ್ನು ನಾನು ಅದಕ್ಕೂ ಮೊದಲು ಕೇಳಿದ್ದೆ. ವಿಶ್ವವಿದ್ಯಾಲಯದಲ್ಲಿ ಗುಡ್ಡ ಹತ್ತುವವರ ಒಂದು ಗುಂಪಿತ್ತು. ಅದರಲ್ಲಿ ಹೆಸರು ಬರೆಸಲು ಹೋದಾಗ, ಹೆಸರು ಕೇಳಿ, ಪೆನ್ನು ತಡೆದು, ಅದನ್ನೇ ಹೇಳಿದ್ದರು. ಹೊಗಳಿಕೆಯ ಹಾಗೆ ಕೇಳಿಸುವ ಮಾತು ಅದು. ಒಬ್ಬಳನ್ನು ಒಳಗೆ ಬಿಟ್ಟುಕೊಂಡು ಉಳಿದವರ ಮುಖಕ್ಕೆ ಬಾಗಿಲು ಹಾಕುವ ಮಾತು.

ಅಂದು ಮಧ್ಯಾಹ್ನ ಒಂಬತ್ತನೆಯ ತರಗತಿಯ ರೆಹಾನಾ ಶಿಕ್ಷಕರ ಕೋಣೆಯ ಬಾಗಿಲಲ್ಲಿ ಬಂದು ನಿಂತಳು. ಗುಮಾಸ್ತರ ಮೇಜಿನ ಮೇಲಿದ್ದ ಪಟ್ಟಿ ಅವಳ ಕಣ್ಣಿಗೆ ಬಿದ್ದಿತ್ತು.

"ಬಾಯಾರ, ನನಗ ಇಚ್ಛಾ ಇಲ್ಲ ಅಂತ ಯಾರ ಹೇಳ್ಯಾರ್ರಿ?"

"ನಿನಗೆ ಇಚ್ಛೆ ಇದೆಯಾ?"

"ನಮ್ಮ ಮಾಳಗಿ ಮ್ಯಾಲ ಬೀಡಿ ಕಟ್ಟಾಕ ಕುಂತ್ರ ಆ ಗುಡ್ಡ ಕಾಣತೈತ್ರಿ. ದಿನಾ ಕಾಣತೈತಿ. ಲಾರಿ ಹತ್ತೂದು ಕಾಣತೈತಿ. ಮ್ಯಾಲ ಹೋಗಿ ನಿಂತ್ರ ನಮ್ಮ ಮಾಳಗಿ ಕಾಣತೈತೋ ಇಲ್ಲೋ ನೋಡಬೇಕಂತ ಭಾಳ ದಿನದಿಂದ ಐತ್ರಿ."

ನಾನು ಆ ಪಟ್ಟಿಯನ್ನು ಹರಿಯಲಿಲ್ಲ. ಹೊಸದೊಂದು ಬರೆದೆ. ಹನ್ನೊಂದು ಹೆಸರು ಬರೆದು ಮುಂದಿನ ಜಾಗ ಖಾಲಿ ಬಿಟ್ಟೆ. ಆ ಹನ್ನೊಂದೂ ಹುಡುಗಿಯರು ಗುಡ್ಡ ಹತ್ತುವವರೆಗೆ ಈ ವಿಷಯ ಬಿಡುವುದಿಲ್ಲ ಎಂದು ಅಂದೇ ನಿರ್ಧರಿಸಿದೆ. ಯಾರಿಗೂ ಹೇಳಲಿಲ್ಲ.

ಮೊದಲ ತಪ್ಪು ನನ್ನದೇ. ಮನೆಯವರಿಗೆ ಚೀಟಿ ಬರೆದು ಕಳಿಸಿದೆ: 'ತಮ್ಮ ಪಾಲ್ಯಳನ್ನು ಚಾರಣಕ್ಕೆ ಕರೆದೊಯ್ಯಲು ಅನುಮತಿ ಕೋರಿದೆ.' ಚಾರಣ ಎಂಬ ಶಬ್ದ ಆಗ ಹೊಸದು, ಸುತ್ತೋಲೆಗಳಲ್ಲಿ ಬರುತ್ತಿತ್ತು, ನನಗೆ ಚೆಂದ ಕಾಣುತ್ತಿತ್ತು. ಮರುದಿನ ಹನ್ನೊಂದು ಚೀಟಿಗಳಲ್ಲಿ ಒಂದೂ ಸಹಿಯಾಗಿ ಬರಲಿಲ್ಲ. ಹುಡುಗಿಯರು ನನ್ನ ಮುಖ ನೋಡಿದರೆ ಬಾಯಿಗೆ ದುಪಟ್ಟಾ ಒತ್ತಿ ನಗುತ್ತಿದ್ದರು. ಸಂಜೆ ರೆಹಾನಾಳ ಓಣಿಗೆ ಹೋದೆ. ಓಣಿಯ ಬಾಯಲ್ಲಿ ಅವಳ ದೊಡ್ಡಪ್ಪ ಗೌಸಸಾಬರ ಸೈಕಲ್ ಅಂಗಡಿ. ಮನೆಯ ಯಜಮಾನಿಕೆ ಅವರದೇ. ಚೀಟಿ ಅವರ ಜೇಬಿನಲ್ಲಿತ್ತು.

"ಇದನ್ನ ನೀವ ಬರದೀರೇನ್ರಿ ಬಾಯಾರ?"

"ಹೌದು."

"ನಮ್ಮ ಹುಡಿಗ್ಯಾರೇನ್ ಆಡ ಏನ್ರಿ?" ಎಂದು ಅಂಗಡಿಯಲ್ಲಿ ಕುಳಿತಿದ್ದವರ ಕಡೆ ತಿರುಗಿದರು. "ಛೋರಿಯಾಂ ಕೂ ಚರಾನೇ ಲೇಜಾತೇ ಕತೆ!"

ಎಲ್ಲರೂ ನಕ್ಕರು. ನಮ್ಮ ಮನೆಮಾತಿನಲ್ಲಿ 'ಚರಾನಾ' ಎಂದರೆ ಮೇಯಿಸುವುದು. ನಾನು ಹನ್ನೊಂದು ಮನೆಗಳಿಗೆ, ನಿಮ್ಮ ಮಗಳನ್ನು ಮೇಯಿಸಲು ಕರೆದೊಯ್ಯುತ್ತೇನೆ, ಅನುಮತಿ ಕೊಡಿ ಎಂದು ಅಚ್ಚುಕಟ್ಟಾಗಿ ಬರೆದು ಸಹಿ ಹಾಕಿ ಕಳಿಸಿದ್ದೆ. ಆ ಮಾತನ್ನೇ ಆಡಿ ಬೆಳೆದವಳು ನಾನು. ಆದರೆ ಕನ್ನಡ ಬರೆಯುವಾಗ ಕನ್ನಡದಲ್ಲೇ ಇದ್ದೆ, ಓದುವವರು ಯಾವ ಮನೆಯವರು ಎಂಬುದನ್ನು ಮರೆತಿದ್ದೆ.

ಅರ್ಥ ಬಿಡಿಸಿ ಹೇಳಿದೆ. ಅದರಿಂದ ಇನ್ನೂ ಕೆಟ್ಟಿತು. "ಅಂದ್ರ ಕೆಲಸಿಲ್ಲದ ಗುಡ್ಡ ಹತ್ತೂದು?" ಎಂದರು ಗೌಸಸಾಬ. "ಕಟಗಿ ತರಾಕಲ್ಲ, ಆಡು ಮೇಸಾಕಲ್ಲ, ದರ್ಗಾಕಲ್ಲ. ಸುಮ್ನ. ಅದಕ್ಕಿಂತ ಮೇಸೂದ ಛಲೋ ಇತ್ತಲ್ರಿ."

ಓಣಿಯ ಕೊನೆಯಲ್ಲಿ ಅವರ ಮನೆ. ಪಡಸಾಲೆಯಲ್ಲಿ ಅವರ ತಾಯಿ ಮಾಲನಬಿ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಎಲೆ, ತಂಬಾಕು, ದಾರ, ಕತ್ತರಿ, ಎಲೆಯ ಅಳತೆಗೆ ಒಂದು ತಗಡಿನ ತುಂಡು. ಕಿವಿ ಮಂದ. ರೆಹಾನಾ ಅಜ್ಜಿಯ ಕಿವಿಯ ಹತ್ತಿರ ಬಾಯಿಟ್ಟು, ಬಾಯಾರು ಚಾರಣಕ್ಕೆ ಕೇಳಲು ಬಂದಿದ್ದಾರೆ ಎಂದು ಕೂಗಿದಳು.

ಮಾಲನಬಿಯ ಕೈ ನಿಂತಿತು. "ಚಾರಶಂಬಾ? ಸಫರ್ ಚಾಂದ ಇನ್ನೂ ಕಂಡಿಲ್ಲಲ್ಲ ಬೇಟಿ. ಈಗ ಯಾವ ಚಾರಶಂಬಾ?"

"ಚಾರಶಂಬಾ ಅಲ್ಲ ದಾದಿ! ಚಾರಣ!"

ಆಮೇಲೆ ಅವಳು ಏನು ಹೇಳಿದಳೋ ನಾನು ಕೇಳಿಸಿಕೊಳ್ಳಲಿಲ್ಲ. ನನಗೆ ನನ್ನ ಊರು ಕುಡಚಿಯ ಹೊಳೆದಂಡೆ ಕಂಡಿತು. ಸಫರ್ ತಿಂಗಳ ಕೊನೆಯ ಬುಧವಾರ ನಮ್ಮಲ್ಲಿ ಹೆಂಗಸರು ಬುತ್ತಿ ಕಟ್ಟಿಕೊಂಡು ಊರ ಹೊರಗೆ ಹಸಿರಿದ್ದಲ್ಲಿಗೆ ಹೋಗಿ ಬರಿಗಾಲಲ್ಲಿ ಹುಲ್ಲು ತುಳಿಯುತ್ತಿದ್ದರು. ವರ್ಷದ ರೋಗರುಜಿನ ಹುಲ್ಲಿಗೆ ಇಳಿದುಹೋಗುತ್ತದೆ ಎಂಬ ನಂಬಿಕೆ. ಅದಕ್ಕೆ ಆಖರಿ ಚಾರಶಂಬಾ ಎನ್ನುತ್ತಾರೆ. ನನಗೆ ಐದು ವರ್ಷವಿದ್ದಾಗ ನನ್ನ ಅಜ್ಜಿ ಕೃಷ್ಣೆಯ ದಂಡೆಗೆ ಕರೆದೊಯ್ದಿದ್ದಳು. ಆಮೇಲೆ ಅಪ್ಪ ಇದು ಧರ್ಮದಲ್ಲಿಲ್ಲ ಎಂದು ನಿಲ್ಲಿಸಿದರು. ನಾನು ಮರೆತೇಬಿಟ್ಟಿದ್ದೆ. ನಮ್ಮವರಿಗೆ ಗುಡ್ಡ, ಹುಲ್ಲು ಹೊಸದಾಗಿ ಕಲಿಸಬೇಕು ಎಂದುಕೊಂಡು ಚೀಟಿ ಬರೆದಿದ್ದೆ. ಅವರ ಪಂಚಾಂಗದಲ್ಲೇ ಅದಕ್ಕೊಂದು ದಿನವಿತ್ತು.

"ಅಮ್ಮಾ, ನೀವು ಎಲ್ಲಿ ತುಳೀತಿದ್ರಿ?" ಎಂದು ಅವರ ಕಿವಿಗೆ ಕೂಗಿದೆ.

"ವಖಾರಿ ಹಿಂದಿನ ಹೊಲದಾಗ. ಈಗ ಅಲ್ಲಿ ಗ್ವಾಡಿ ಕಟ್ಯಾರ. ತುಳ್ಯಾಕ ಏನ ಐತಿ, ಸಿಮಿಟ?"

"ಈ ಸಲ ಗುಡ್ಡದ ಮ್ಯಾಲ ತುಳ್ಯೂಣೇನ್ರಿ?"

ಮಾಲನಬಿ ಕೈಯಲ್ಲಿದ್ದ ಬೀಡಿಗೆ ದಾರ ಸುತ್ತಿ ಮೊರಕ್ಕೆ ಹಾಕಿದರು. "ಹುಡಿಗ್ಯಾರ ಅಷ್ಟ ಅಲ್ಲ, ನಾನೂ ಬರ್ತೇನಿ," ಎಂದರು.

ಸುದ್ದಿ ಅಂಗಡಿ ಮುಟ್ಟಿ ಗೌಸಸಾಬ ಒಳಗೆ ಬಂದರು. "ಅಮ್ಮಾ, ಚಾರಶಂಬಾ ಗೀರಶಂಬಾ ಈಗ ಯಾರೂ ಮಾಡೂದಿಲ್ಲ. ಅದು ದೀನಿನೊಳಗ ಇಲ್ಲ."

"ನಿನ್ನ ಬಗಲಾಗ ಎತ್ಕೊಂಡ ನಾಕೈದ ಸಲ ತುಳದೇನಿ. ಆವಾಗ ದೀನ ಎಲ್ಲಿ ಹೋಗಿತ್ತೋ?"

"ಆವಾಗ ನನಗ ತಿಳೀತಿದ್ದಿಲ್ಲ."

"ಈಗೂ ಪಂಚರ ತಗಿಯೂದೊಂದ ತಿಳಿತೈತಿ. ಹೋಗ."

ಇಲ್ಲಿ ಒಂದು ಮಾತು ಸ್ಪಷ್ಟಪಡಿಸಬೇಕು. ಗೌಸಸಾಬ ಹೇಳಿದ್ದು ನನ್ನ ಅಪ್ಪನೂ ಹೇಳುತ್ತಿದ್ದ ಮಾತು. ಅದನ್ನು ತಪ್ಪು ಎಂದು ವಾದಿಸಲು ನಾನು ಹೋಗಲಿಲ್ಲ. ಹುಲ್ಲು ತುಳಿಯುವುದು ಧರ್ಮದಲ್ಲಿದೆಯೋ ಇಲ್ಲವೋ ಎಂಬುದು ವಿಜ್ಞಾನ ಶಿಕ್ಷಕಿಯ ಪಾಠವಲ್ಲ. ನೀವೂ ಆ ವಾದಕ್ಕೆ ಇಳಿಯಬೇಡಿ. ಗುಡ್ಡ ಎಲ್ಲರದು ಎಂಬುದಷ್ಟೇ ನನ್ನ ಪಾಠ.

ಅಂದಿನಿಂದ ಚೀಟಿ ಬರೆಯುವುದು ಬಿಟ್ಟೆ. ಹನ್ನೊಂದು ಮನೆಗಳಿಗೂ ಹೋದೆ. ಮೊದಲು ಅಜ್ಜಿಯ ಹತ್ತಿರ ಕುಳಿತೆ, ಆಮೇಲೆ ತಾಯಿಯ ಹತ್ತಿರ. ಗಂಡಸರು ಮನೆಗೆ ಬರುವಷ್ಟರಲ್ಲಿ ಮಾತು ಮುಗಿದಿರುತ್ತಿತ್ತು. ಗುಡ್ಡ, ಸಸ್ಯ, ಆರೋಗ್ಯ ಎಂದು ಭಾಷಣ ಮಾಡಲಿಲ್ಲ. ಅವರು ಕೇಳಿದ್ದಕ್ಕೆ ಉತ್ತರ ಹೇಳಿದೆ. ಮೇಲೆ ನೀರು ಸಿಗುತ್ತದೆಯೇ? ಸಿಗುವುದಿಲ್ಲ, ಒಯ್ಯೋಣ. ಮಧ್ಯಾಹ್ನದ ನಮಾಜಿಗೆ ಸಮತಟ್ಟಾದ ಜಾಗವಿದೆಯೇ? ಇದೆ, ನಾನೇ ಹೋಗಿ ನೋಡಿ ಬಂದಿದ್ದೇನೆ. ಗಂಡಸರು ಯಾರಾದರೂ ಬರುತ್ತಾರೆಯೇ? ಇಲ್ಲ. ಕೊನೆಯ ಉತ್ತರ ಕೇಳಿ ಒಬ್ಬಾಕೆ ಮೊರ ಬದಿಗಿಟ್ಟು, "ಹಂಗಾರ ನಾನೂ ಬರ್ತೇನ್ರಿ," ಎಂದಳು.

ಒಂದೇ ತೊಡಕು ಉಳಿಯಿತು. ಬುಧವಾರ ಶಾಲೆ ಇರುತ್ತದೆ.

"ರವಿವಾರ ಹೋಗ್ರಿ, ಬ್ಯಾಡ ಅನ್ನೂದಿಲ್ಲ," ಎಂದರು ಚೌಗುಲೆ ಸರ್.

ಅದು ನ್ಯಾಯವಾದ ಮಾತೇ ಎಂದು ನನಗೂ ಅನ್ನಿಸಿತು. ಮಾಲನಬಿಯ ಹತ್ತಿರ ಹೋಗಿ, ರವಿವಾರ ಆದರೆ ಹೇಗೆ ಎಂದು ಕೇಳಿದೆ.

"ರವಿವಾರ ತುಳದ್ರ ಅದು ಬರೇ ಹುಲ್ಲ," ಎಂದರು.

ಬುಧವಾರಕ್ಕೇ ಅರ್ಜಿ ಬರೆದೆ. ಬೇರೆ ಹಬ್ಬಗಳ ಸಲುವಾಗಿ ಶಾಲೆ ಎಷ್ಟು ಸಲ ಅರ್ಧ ದಿನಕ್ಕೆ ಬಿಟ್ಟಿದೆ ಎಂಬುದನ್ನು ದಿನಾಂಕದೊಂದಿಗೆ ಪಟ್ಟಿ ಮಾಡಿ ಜೊತೆಗೆ ಲಗತ್ತಿಸಿದೆ. ಅರ್ಜಿ ಅವರ ಮೇಜಿನ ಮೇಲೆ ಹತ್ತು ದಿನ ಬಿದ್ದಿತ್ತು. ಹೌದು ಎಂದೂ ಬರೆಯಲಿಲ್ಲ, ಇಲ್ಲ ಎಂದೂ ಬರೆಯಲಿಲ್ಲ. ಹುಡುಗಿಯರನ್ನು ಕೇಳದೆಯೇ 'ಇಚ್ಛೆ ಇಲ್ಲ' ಎಂದು ಓದಿಕೊಂಡ ಕಚೇರಿ ಅದು. ನಾನೂ ಅದೇ ರೀತಿಯಲ್ಲಿ, ಬರೆಯದ ಉತ್ತರವನ್ನು 'ಹೌದು' ಎಂದು ಓದಿಕೊಂಡೆ.

ಆ ವರ್ಷ ಆ ಬುಧವಾರ ಮಳೆ ಹಿಂದೆ ಸರಿದ ದಿನಗಳಲ್ಲಿ ಬಂದಿತ್ತು. ತರಗತಿಯ ಉಳಿದವರ ಸರದಿ ಮುಂದಿನ ರವಿವಾರಕ್ಕೆ ಇತ್ತು. ಹನ್ನೊಂದು ಹುಡುಗಿಯರು, ಹದಿನಾಲ್ಕು ಹೆಂಗಸರು, ನಾನು. ಓಣಿ ದಾಟುವಾಗ ಗೌಸಸಾಬ ಒಂದು ಚಕ್ರ ತಿರುಗಿಸುತ್ತ ಕುಳಿತಿದ್ದರು. ತಲೆ ಎತ್ತಲಿಲ್ಲ. ಬಸ್ಸಿನಲ್ಲಿ ಕಂಡಕ್ಟರ್ ಬುತ್ತಿಗಂಟುಗಳನ್ನು ನೋಡಿ, "ಎಲ್ಲಿ ಮದವಿರಿ?" ಎಂದ.

"ಮದವಿ ಅಲ್ಲಪಾ. ಘಾಟಿನ ಬುಡಕ ಇಳಸ," ಎಂದರು ಮಾಲನಬಿ.

"ಅಲ್ಲಿ ಯಾವ ದರ್ಗಾ ಐತ್ರಿ ಅಮ್ಮಾ?"

"ಯಾವ ದರ್ಗಾನೂ ಇಲ್ಲ."

"ಮತ್ತ ಎದಕ್ಕ?"

"ಹತ್ತಾಕ."

"ಹತ್ತಿ?"

"ಇಳ್ಯಾಕ. ಟಿಕೀಟ ಹರೀತೀಯೋ ಇಲ್ಲೋ?"

ಹತ್ತುವುದು ಸುಲಭವಾಗಿರಲಿಲ್ಲ. ನಾನು ಬೂಟುಗಳ ಬಗ್ಗೆ ಯೋಚಿಸಿದ್ದೆ, ಹುಲ್ಲಿನ ಬಗ್ಗೆ ಯೋಚಿಸಿರಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಆ ಗುಡ್ಡದ ಹುಲ್ಲಿನಲ್ಲಿ ಸೂಜಿಯಂಥ ತೆನೆ ಬಲಿತಿರುತ್ತದೆ. ಬುರ್ಖಾಗಳ ಅಂಚಿಗೆಲ್ಲ ಅದು ಚುಚ್ಚಿಕೊಂಡು, ಒಳಗೆ ಇಳಿದು, ಹೆಜ್ಜೆಗೊಬ್ಬರು "ಹಾಯ್" ಎನ್ನುತ್ತಿದ್ದರು. ಅರ್ಧ ದಾರಿಯಲ್ಲಿ ಜೈತುನಬಿ ಎಂಬಾಕೆ, ರೆಹಾನಾಳ ತಾಯಿ, ಸುತ್ತ ನೋಡಿ, ಗಂಡಸರು ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಬುರ್ಖಾ ತೆಗೆದು ಒಂದು ಪೊದೆಯ ಮೇಲೆ ಹರವಿ, ಮುಳ್ಳು ಆರಿಸುತ್ತ ಕುಳಿತಳು. ಇನ್ನೂ ನಾಲ್ಕೈದು ಮಂದಿ ಹಾಗೆಯೇ ಮಾಡಿದರು. ಉಳಿದವರು ತೊಟ್ಟುಕೊಂಡೇ ಕುಳಿತರು. ತಮ್ಮದು ಮುಗಿದವರು ಪಕ್ಕದವರ ಮುಳ್ಳು ಆರಿಸಿದರು.

ನಾನು ಸುಮ್ಮನಿರಲಾರದೆ ಗಿಡಗಳ ಹೆಸರು ಹೇಳತೊಡಗಿದೆ. ಇದು ಕಾರಿ, ಇದು ತಂಗಡಿ, ಇದು ಕವಳಿ. ಜೈತುನಬಿ ಪಕ್ಕದಲ್ಲಿದ್ದ ಮೊಣಕಾಲೆತ್ತರದ ಗಿಡದ ಎಲೆಯೊಂದನ್ನು ಕಿತ್ತು, ಹೆಬ್ಬೆರಳಿನಿಂದ ಅದರ ಬೆನ್ನು ಸವರಿದಳು.

"ಬಾಯಾರ, ಇದು ನಮ್ಮ ಪತ್ತಿ."

ಬೀಡಿ ಎಲೆಗೆ ಅವರು ಹಾಗೆನ್ನುತ್ತಾರೆ. "ಅಲ್ಲ," ಎಂದೆ ನಾನು. "ಬೀಡಿ ಎಲೆ ಬಹಳ ದೂರದ ಕಾಡಿನಿಂದ ಬರ್ತದ. ಇದು ಬೇರೆ."

ಆಕೆ ಸೊಂಟದ ಚೀಲದಿಂದ ಕತ್ತರಿ ತೆಗೆದಳು. ಒಂದು ದಿನದ ಕೆಲಸ ಪೂರ್ತಿ ಹೋಗಬಾರದೆಂದು ಎಲ್ಲ ಸರಂಜಾಮು ಹೊತ್ತುಕೊಂಡೇ ಗುಡ್ಡ ಹತ್ತಿದ್ದಳು. ಎಲೆಯನ್ನು ಕಣ್ಣಳತೆಯಲ್ಲೇ ಕತ್ತರಿಸಿ, ಚಿಟಿಕೆ ತಂಬಾಕು ಹಾಕಿ, ಉರುಳಿಸಿ, ತುದಿ ಮಡಚಿ, ದಾರ ಸುತ್ತಿ ನನ್ನ ಅಂಗೈಯಲ್ಲಿಟ್ಟಳು. ನಾನು ರೆಪ್ಪೆ ಬಡಿಯುವಷ್ಟರಲ್ಲಿ ಒಂದು ಹಸಿರು ಬೀಡಿ.

"ಹಸೀದ ಐತಿ, ಹತ್ತೂದಿಲ್ಲ. ಒಣಗಿದ್ರೂ ನರ ದಪ್ಪ, ಕಾರಖಾನ್ಯಾಗ ಛಾಟ ಮಾಡ್ತಾರ. ಆದ್ರ ಪತ್ತಿ ಅಂತೂ ಹೌದು," ಎಂದಳು. ಛಾಟ ಎಂದರೆ ಕೆಟ್ಟದ್ದೆಂದು ಆರಿಸಿ ಎಸೆಯುವುದು, ಅದರ ಕೂಲಿ ಸಿಗುವುದಿಲ್ಲ. ಹತ್ತು ವರ್ಷದಿಂದ ದಿನವಿಡೀ ಆ ಎಲೆಯನ್ನು ಬೆರಳಲ್ಲಿ ಹಿಡಿದಾಕೆ. ಗಿಡ ನೋಡಿದ್ದು ಅಂದೇ ಮೊದಲು. ಅದರ ಸುತ್ತ ಒಂದು ಸುತ್ತು ಬಂದು, "ಇಷ್ಟ ಸಣ್ಣದಕ್ಕ ಇಷ್ಟ ಕಾಲ ಹೆದರಿದ್ನೇನ," ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ಮನೆಗೆ ಬಂದು ಪುಸ್ತಕ ತೆಗೆದು ನೋಡಿದೆ. ಆಕೆಯೇ ಸರಿ. ಕಡಿದ ಬುಡದಿಂದ ಚಿಗುರಿದ ಗಿಡ, ಅದಕ್ಕೆ ಪೊದೆಯಂತಿತ್ತು. ಮರುದಿನ ತರಗತಿಯಲ್ಲಿ ಅದನ್ನು ಹೇಳಿದೆ, ಯಾರು ಸರಿ ಯಾರು ತಪ್ಪು ಎಂಬುದನ್ನೂ ಸೇರಿಸಿ.

ಗುಡ್ಡದ ನೆತ್ತಿಯ ಮೇಲೆ ಹುಲ್ಲು ಮೆತ್ತಗಿತ್ತು. ಮಾಲನಬಿ ಚಪ್ಪಲಿ ಬಿಟ್ಟು, ಒಬ್ಬರ ಹೆಗಲು ಹಿಡಿದು, ಮೆಲ್ಲಗೆ ತುಳಿದರು. ಅವರ ಹಿಂದೆ ಉಳಿದವರು. ರೆಹಾನಾ ಅಂಚಿಗೆ ಓಡಿದಳು. ಕೆಳಗೆ ಕಬ್ಬು, ತಂಬಾಕಿನ ಹೊಲ, ವಖಾರಿಗಳ ಕೆಂಪು ಹಂಚು. ಅವಳು ಕಣ್ಣಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ಹುಡುಕಿದಳು.

"ಕಾಣ್ತದೇನು?" ಎಂದೆ.

"ಇಲ್ರಿ," ಎಂದಳು. ಮುಖದಲ್ಲಿ ಬೇಸರವಿರಲಿಲ್ಲ. "ನಮ್ಮ ಮಾಳಗಿ ಇಲ್ಲಿಂದ ಕಾಣೂದಿಲ್ಲ ಬಿಡ್ರಿ. ಮತ್ತ ಆ ಕಡೀದು ಯಾವ ಊರ?" ಎಂದು ಇನ್ನೂ ಆಚೆಗೆ ಬೆರಳು ತೋರಿಸಿದಳು.

ಹೆದ್ದಾರಿಯಲ್ಲಿ ಹೋಗುತ್ತಿದ್ದ ಯಾರೋ ಪೊದೆಗಳ ಮೇಲೆ ಹರವಿದ ಕರಿ ಬಟ್ಟೆಗಳನ್ನು ನೋಡಿದ್ದರು. ಮೂರೇ ದಿನದಲ್ಲಿ ಅದು ಊರೆಲ್ಲ ಸುತ್ತಿ, ಬಾಯಿಂದ ಬಾಯಿಗೆ ಬೆಳೆದು, ಕಚೇರಿಗೆ ದೂರಾಗಿ ಬಂತು. ದೂರು ನಮ್ಮವರಿಂದಲೂ ಬಂತು, ಬೇರೆಯವರಿಂದಲೂ ಬಂತು. ಯಾವತ್ತೂ ಒಂದಾಗದವರು ಆ ವಿಷಯದಲ್ಲಿ ಒಂದಾಗಿದ್ದರು. ಚೌಗುಲೆ ಸರ್ ನನಗೆ ಮೆಮೊ ಕೊಟ್ಟರು: ಕೆಲಸದ ದಿನದಂದು, ಪರವಾನಗಿ ಇಲ್ಲದೆ, ಶಾಲೆಗೆ ಸಂಬಂಧವಿಲ್ಲದ ಹೆಂಗಸರೊಂದಿಗೆ ವಿದ್ಯಾರ್ಥಿನಿಯರನ್ನು ಗುಡ್ಡಕ್ಕೆ ಕರೆದೊಯ್ದದ್ದಕ್ಕೆ ಕಾರಣ ತಿಳಿಸಬೇಕು.

ಬಾಯಿಮಾತಿನಲ್ಲಿ ಇನ್ನೊಂದನ್ನೂ ಹೇಳಿದರು. "ತಪ್ಪಾತು, ಇನ್ನ ಮ್ಯಾಲ ಅವ್ರನ್ನ ಕರ್ಕೊಂಡ ಹೋಗೂದಿಲ್ಲ ಅಂತ ಎರಡ ಸಾಲ ಬರದ ಕೊಡ್ರಿ. ಮೆಮೊ ಹರದ ಒಗೀತೇನಿ."

ನಾನು ಒಂದೇ ಸಾಲು ಬರೆದೆ. 'ಅವರು ವಿದ್ಯಾರ್ಥಿನಿಯರ ತಾಯಂದಿರು ಮತ್ತು ಅಜ್ಜಿಯರು, ಶಾಲೆಗೆ ಸಂಬಂಧವಿಲ್ಲದವರಲ್ಲ.' ಮೆಮೊ ನನ್ನ ಸೇವಾ ಪುಸ್ತಕಕ್ಕೆ ಹೋಯಿತು. ನಿವೃತ್ತಿಯ ಕಾಗದಪತ್ರ ತಯಾರಿಸುವಾಗಲೂ ಅದು ಅಲ್ಲಿಯೇ ಇತ್ತು. ತೆಗೆಸಲು ಅರ್ಜಿ ಹಾಕಬಹುದು ಎಂದು ಗುಮಾಸ್ತರು ಸೂಚಿಸಿದರು. ಇರಲಿ ಎಂದೆ.

ಮೆಮೊದ ಸುದ್ದಿಯನ್ನು ನಾನು ಯಾರಿಗೂ ಹೇಳಿರಲಿಲ್ಲ. ಶಾಲೆಯಲ್ಲಿ ಅಂಥದ್ದು ಉಳಿಯುವುದಿಲ್ಲ. ಎಂಟು ದಿನ ಕಳೆದ ಮೇಲೆ, ಊಟದ ಬಿಡುವಿನ ಹೊತ್ತಿಗೆ, ಹದಿನಾಲ್ಕು ಹೆಂಗಸರು ಶಾಲೆಯ ಗೇಟು ದಾಟಿ ಬಂದು ಮುಖ್ಯಾಧ್ಯಾಪಕರ ಕೋಣೆಯ ತುಂಬ ನಿಂತರು. ಕುರ್ಚಿಗಳು ಎರಡೇ ಇದ್ದವು. ಒಂದರಲ್ಲಿ ಮಾಲನಬಿ ಕುಳಿತರು. ನನ್ನನ್ನೂ ಕರೆಸಿದರು.

"ಸಾಹೇಬ್ರ, ಬಾಯಾರಿಗೆ ಚಿಟ್ಟಿ ಕೊಟ್ಟೀರಂತ," ಎಂದರು ಮಾಲನಬಿ.

"ಅದು ಕಚೇರಿ ವಿಷಯ ಅಮ್ಮಾ. ನಿಮಗ ತಿಳ್ಯೂದಿಲ್ಲ."

"ಗುಡ್ಡ ಯಾಕ ಹತ್ತಿದ್ರಿ ಅಂತ ಕೇಳೀರಂತ."

"ಹೌದ್ರಿ."

"ನಾವೂ ಹತ್ತೇವಿ. ನಮಗೂ ಒಂದೊಂದ ಕೊಡ್ರಿ."

ಚೌಗುಲೆ ಸರ್ ನನ್ನ ಕಡೆ ನೋಡಿದರು. ನಾನು ಕಿಟಕಿಯ ಕಡೆ ನೋಡಿದೆ.

"ಹಂಗ ಎಲ್ಲಾರಿಗೂ ಕೊಡಾಕ ಬರೂದಿಲ್ಲ ಅಮ್ಮಾ."

"ಯಾಕ ಬರೂದಿಲ್ಲ? ಹತ್ತಿದ್ದು ಸುಳ್ಳೇನ? ಹೆಸರ ಬರಕೋರಿ. ಮಾಲನಬಿ. ಜೈತುನಬಿ. ನಿಮ್ಮ ಪಟ್ಟಿ ಒಳಗ ಏನಂತ ಬರೀತೀರೋ ಬರೀರಿ, ಆದ್ರ ಇಚ್ಛಾ ಇಲ್ಲಂತ ಬರೀಬ್ಯಾಡ್ರಿ. ಕಾಲ ನೋವ ಇನ್ನೂ ಹೋಗಿಲ್ಲ."

ಜೈತುನಬಿ ಮೊದಲು ನಕ್ಕಳು. ಆಮೇಲೆ ಕೋಣೆಯೆಲ್ಲ ನಕ್ಕಿತು. ಚೌಗುಲೆ ಸರ್ ತಲೆ ತಗ್ಗಿಸಿ, ಚಹಾ ತರಿಸಿದರು. ಮೆಮೊ ವಾಪಸು ಪಡೆಯಲಿಲ್ಲ, ಆದರೆ ಅದರ ಮಾತನ್ನು ಮತ್ತೆ ಎತ್ತಲೂ ಇಲ್ಲ. ಮುಂದಿನ ವರ್ಷ ಯಾರ ಹೆಸರಿನ ಮುಂದೆಯೂ ಕೇಳದೆ ಏನನ್ನೂ ಬರೆಯಲಿಲ್ಲ. ಗೌಸಸಾಬ ಮಾತ್ರ, ಮುಂದೆ ಒಂಬತ್ತನೆಯ ತರಗತಿಗೆ ಬಂದ ತಮ್ಮ ಮಗಳನ್ನು ಕೊನೆಯವರೆಗೂ ಕಳಿಸಲಿಲ್ಲ. ನಾನು ಕೊನೆಯವರೆಗೂ ಕೇಳುವುದನ್ನು ಬಿಡಲಿಲ್ಲ.

ಅಂದು ಚಹಾ ಮುಗಿಯುವಷ್ಟರಲ್ಲಿ ಐದನೆಯ ಪೀರಿಯಡಿನ ಗಂಟೆಯಾಯಿತು. ಒಂಬತ್ತನೆಯ ತರಗತಿಗೆ ಹೋಗಿ ಪುಸ್ತಕ ತೆರೆದೆ. ಹೊರಗೆ ಗೇಟಿನ ಹತ್ತಿರ ಹೆಂಗಸರು ಇನ್ನೂ ನಿಂತಿದ್ದರು. ಇವತ್ತಿನ ಕೆಲಸವಂತೂ ಹಾಳಾಯಿತು, ಹೊರಗೆ ಬಂದದ್ದಂತೂ ಬಂದಿದ್ದೇವೆ, ಎಂದು ಯಾರೋ ಹೇಳುತ್ತಿದ್ದುದು ಕೇಳಿಸಿತು. ಓಣಿಯ ದಾರಿ ಎಡಕ್ಕೆ. ಅವರು ಬಲಕ್ಕೆ ತಿರುಗಿದರು.

"ಬಾಯಾರ," ಎಂದಳು ರೆಹಾನಾ ಕಿಟಕಿಯಿಂದ ಕಣ್ಣು ತೆಗೆಯದೆ, "ದಾದಿ ಎಲ್ಲಾರ್ನೂ ಕರ್ಕೊಂಡ ಕೆರಿ ಕಡೆ ಹೊಂಟಾಳ್ರಿ."

ಅದು ಬುಧವಾರವಾಗಿರಲಿಲ್ಲ. ನನ್ನನ್ನು ಯಾರೂ ಕರೆಯಲೂ ಇಲ್ಲ, ಕೇಳಲೂ ಇಲ್ಲ. ನಾನು ಪಾಠ ಮುಂದುವರಿಸಿದೆ.